ಮಂಗಳೂರಿನಲ್ಲಿ ವ್ರತ ತೊಟ್ಟ ಗಲಿಲೇಯದ ಮರಿಯಂ

ನಿಮ್ಮ ಮನೆಯ ಅಜ್ಜಿಯ ಕೊರಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಜಪಸರದ ಜೊತೆಗೆ ಅಲ್ಲಿ ಕಂದು ಬಣ್ಣದ ಎರಡು ಬಟ್ಟೆಯ ತುಂಡುಗಳು ದಾರದಲ್ಲಿ ತೂಗುತ್ತಿದ್ದವು, ಒಂದು ಎದೆಯ ಮೇಲೆ, ಇನ್ನೊಂದು ಬೆನ್ನ ಮೇಲೆ. ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟು, ಬಂದ ಕೂಡಲೇ ಮುತ್ತಿಟ್ಟು ಹಾಕಿಕೊಳ್ಳುತ್ತಿದ್ದರು. ಅದು ಕಾರ್ಮೆಲ್ ಮಾತೆಯ ಸ್ಕಾಪುಲರ್. ಜುಲೈ 16ರ ಹಬ್ಬದ ದಿನ ಗುರುಗಳು ಅದನ್ನು ಆಶೀರ್ವದಿಸಿ ಕೊಡುವುದನ್ನು ನೀವೂ ನೋಡಿರಬಹುದು.

ಆ ಬಟ್ಟೆಯ ತುಂಡಿನ ಹಿಂದೆ ಒಂದು ದೊಡ್ಡ ಅಲೆದಾಟದ ಕಥೆ ಇದೆ. ಪವಿತ್ರ ನಾಡಿನ ಕಾರ್ಮೆಲ್ ಬೆಟ್ಟದಲ್ಲಿ, ಪ್ರವಾದಿ ಎಲೀಯನ ಹೆಸರಿನ ಒರತೆಯ ಬಳಿ, 13ನೇ ಶತಮಾನದ ಆರಂಭದಲ್ಲಿ ಕೆಲವು ತಪಸ್ವಿಗಳು ಗುಹೆಗಳಲ್ಲಿ ವಾಸವಾಗಿದ್ದರು. ಯುದ್ಧಗಳ ಕಾಲ ಬಂದು ಅಲ್ಲಿ ಬದುಕುವುದು ಕಷ್ಟವಾದಾಗ ಅವರಲ್ಲಿ ಕೆಲವರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. 1242ರಲ್ಲಿ ಕೆಂಟ್ ಸೀಮೆಯ ಏಲ್ಸ್‌ಫರ್ಡ್ ಎಂಬಲ್ಲಿ ನದಿಯ ದಡದ ಮೇಲೆ ಅವರಿಗೊಂದು ಮಠವಾಯಿತು. 1247ರಲ್ಲಿ ಇಡೀ ಸಭೆಯ ಮಹಾಸಮ್ಮೇಳನ ಅಲ್ಲೇ ಕೂಡಿತು. ಸ್ಕಾಪುಲರ್ ಅನ್ನು ಮಾತೆ ಮರಿಯಮ್ಮನವರಿಂದ ಪಡೆದರೆಂದು ನಮ್ಮ ಪರಂಪರೆ ಹೇಳುವ ಸಂತ ಸೈಮನ್ ಸ್ಟಾಕ್ ಅವರ ಹೆಸರು ಈ ಮನೆಗೆ ಅಂಟಿಕೊಂಡಿದೆ. ಸುಮಾರು ಮುನ್ನೂರು ವರ್ಷ ಅಲ್ಲಿ ಗಂಟೆ ಬಾರಿಸಿತು, ಪ್ರಾರ್ಥನೆ ನಡೆಯಿತು. 1538ರಲ್ಲಿ ಎಂಟನೇ ಹೆನ್ರಿ ದೊರೆಯ ಕಾಲದಲ್ಲಿ ಮಠ ಮುಚ್ಚಿತು, ಆಸ್ತಿ ಪರರ ಪಾಲಾಯಿತು. ನಾಲ್ಕು ಶತಮಾನಗಳ ನಂತರ, 1949ರಲ್ಲಿ, ಅದೇ ಸಭೆಯವರು ಅದೇ ಮನೆಗೆ ಹಿಂದಿರುಗಿದರು.

ಕಾರ್ಮೆಲಿನ ಚರಿತ್ರೆ ಹೀಗೆಯೇ. ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ತೆರೆಯುತ್ತದೆ. 1562ರಲ್ಲಿ ಸ್ಪೇನಿನ ಆವಿಲಾದಲ್ಲಿ ಸಂತ ತೆರೇಸಾ ಅವರು ಮಹಿಳೆಯರಿಗಾಗಿ ಕಠಿಣ ನಿಯಮದ ಪುಟ್ಟ ಮಠವನ್ನು ತೆರೆದರು. ಅದೇ ಬಳ್ಳಿ ಫ್ರಾನ್ಸಿಗೆ ಹಬ್ಬಿ, ಅಲ್ಲಿಂದ 1870ರಲ್ಲಿ ನಮ್ಮ ಮಂಗಳೂರಿಗೆ ಬಂತು. ಏಕಾಂತ ಕಾರ್ಮೆಲ್ ಮಠವೊಂದು ನಮ್ಮ ಕನ್ನಡ ಕರಾವಳಿಯಲ್ಲಿ ಎದ್ದಿತು. ಅಲ್ಲಿ ಎಲ್ಲರಿಗಿಂತ ಮೊದಲು ವ್ರತ ತೊಟ್ಟವರು ಯಾರು ಗೊತ್ತೇ? ಕಾರ್ಮೆಲ್ ಬೆಟ್ಟಕ್ಕೆ ದೂರವಲ್ಲದ ಗಲಿಲೇಯದ ಒಂದು ಹಳ್ಳಿಯ ಓದುಬರಹ ಬಾರದ ಅನಾಥ ಹುಡುಗಿ. ಇಂದು ಧರ್ಮಸಭೆ ಆಕೆಯನ್ನು ಸಂತ ಮರಿಯಂ ಬವಾರ್ದಿ ಎಂದು ಗೌರವಿಸುತ್ತದೆ. ಆ ಮಂಗಳೂರಿನ ಮನೆಯೇ ಆಕೆಯನ್ನು ಹೊರಗೆ ಕಳುಹಿಸಿತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಆದರೆ ಅದನ್ನು ಬಿಟ್ಟರೆ ಈ ಜೀವನವೇ ಅರ್ಥವಾಗುವುದಿಲ್ಲ.

ಮರಿಯಂ ಹುಟ್ಟಿದ್ದು 1846ರ ಜನವರಿ 5ರಂದು, ನಜರೇತಿನಿಂದ ಹೆಚ್ಚು ದೂರವಿಲ್ಲದ ಇಬಿಲ್ಲೀನ್ ಎಂಬ ಹಳ್ಳಿಯಲ್ಲಿ. ತಂದೆ ತಾಯಿ ಗ್ರೀಕ್ ವಿಧಿಯ ಮೆಲ್ಕಾಯಿಟ್ ಕಥೋಲಿಕರು, ಬಡವರು. ಅವರಿಗೆ ಹನ್ನೆರಡು ಗಂಡುಮಕ್ಕಳು ಹುಟ್ಟಿ ಹನ್ನೆರಡೂ ಎಳವೆಯಲ್ಲೇ ತೀರಿಕೊಂಡಿದ್ದವು. ಹನ್ನೆರಡು ಸಲ ತೊಟ್ಟಿಲು ಕಟ್ಟಿ ಹನ್ನೆರಡು ಸಲ ಬಿಚ್ಚಿದ ಆ ತಾಯಿ ಗಂಡನೊಡನೆ ಬೆತ್ಲೆಹೇಮಿಗೆ ಯಾತ್ರೆ ಹೋಗಿ, ಯೇಸು ಹುಟ್ಟಿದ ಗುಹೆಯಲ್ಲಿ ಮಾತೆ ಮರಿಯಮ್ಮನವರನ್ನು ಒಂದು ಹೆಣ್ಣುಮಗುವಿಗಾಗಿ ಬೇಡಿಕೊಂಡರು. ಮಗು ಹುಟ್ಟಿದಾಗ ಆ ತಾಯಿಯ ಹೆಸರನ್ನೇ ಇಟ್ಟರು. ಒಂದೆರಡು ವರ್ಷದಲ್ಲಿ ಬುಲೋಸ್ ಎಂಬ ತಮ್ಮನೂ ಹುಟ್ಟಿದ.

ಸಂತೋಷ ಬಹಳ ಕಾಲ ಉಳಿಯಲಿಲ್ಲ. ಮರಿಯಂ ಇನ್ನೂ ಪುಟ್ಟ ಮಗುವಾಗಿದ್ದಾಗಲೇ ತಂದೆ ತಾಯಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಕಣ್ಣುಮುಚ್ಚಿದರು. ಸಾಯುವ ಮುನ್ನ ತಂದೆ ಮಗಳನ್ನು ಸಂತ ಜೋಸೆಫರ ಕೈಗೆ ಒಪ್ಪಿಸಿದರೆಂದು ಹೇಳುತ್ತಾರೆ. ತಮ್ಮನನ್ನು ತಾಯಿಯ ಕಡೆಯವರು ಕರೆದೊಯ್ದರು, ಮರಿಯಂ ತಂದೆಯ ಕಡೆಯ ಚಿಕ್ಕಪ್ಪನ ಪಾಲಿಗೆ ಬಂದಳು. ಒಡಹುಟ್ಟಿದವರನ್ನು ಹೀಗೆ ಎರಡು ಮನೆಗೆ ಹಂಚುವುದನ್ನು ನಮ್ಮ ಊರುಗಳಲ್ಲೂ ಕಂಡಿದ್ದೇವೆ. ಹಂಚುವವರಿಗೆ ಅದು ವ್ಯವಸ್ಥೆ, ಮಕ್ಕಳಿಗೆ ಅದು ಎರಡನೇ ಸಾವು.

ಅವಳಿಗೆ ಎಂಟು ವರ್ಷವಾದಾಗ ಚಿಕ್ಕಪ್ಪನ ಸಂಸಾರ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ನೆಲೆಸಿತು. ಅಲ್ಲಿ, ಹದಿಮೂರು ತುಂಬುವ ಮೊದಲೇ, ಮದುವೆ ನಿಶ್ಚಯವಾಯಿತು. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ತಾನು ದೇವರಿಗೇ ಸೇರಿದವಳು ಎಂದು ಮನಸ್ಸಿನಲ್ಲಿ ನಿರ್ಧರಿಸಿದ್ದ ಹುಡುಗಿ ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡಳು. ಚಿಕ್ಕಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮಗಳಂತಿದ್ದವಳನ್ನು ಆಳುಗಳ ಜೊತೆಗೆ ಅಡುಗೆಮನೆಗೆ ತಳ್ಳಿದ.

ತಮ್ಮನಿಗೆ ಕಾಗದ ಬರೆಯಿಸಬೇಕು, ಅವನನ್ನು ಕರೆಸಿಕೊಳ್ಳಬೇಕು ಎಂದು ಅವಳಿಗೆ ಆಸೆ. ಹಿಂದೆ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬಾತ ಗಲಿಲೇಯದ ಕಡೆ ಹೊರಟಿದ್ದಾನೆಂದು ಕೇಳಿ, 1858ರ ಸೆಪ್ಟೆಂಬರ್ 7ರ ಸಂಜೆ ಗುಟ್ಟಾಗಿ ಅವನ ಮನೆಗೆ ಹೋದಳು. ಮಾತು ಎಲ್ಲಿಂದಲೋ ಎಲ್ಲಿಗೋ ಹೋಯಿತು. ಅವಳ ಅಳಲನ್ನು ಕೇಳಿದ ಅವನು ಅವಳ ವಿಶ್ವಾಸವನ್ನೇ ಬಿಟ್ಟುಬಿಡಲು ಹೇಳಿದ. ಅವಳು ಒಪ್ಪಲಿಲ್ಲ. ರೋಷದಲ್ಲಿ ಅವನು ಕತ್ತಿ ತೆಗೆದು ಕುತ್ತಿಗೆ ಕೊಯ್ದು, ಸತ್ತಳೆಂದು ತಿಳಿದು ಓಣಿಯಲ್ಲಿ ಎಸೆದುಹೋದ. ಅದು ಮಾತೆ ಮರಿಯಮ್ಮನವರ ಜನನದ ಹಬ್ಬದ ಮುನ್ನಾದಿನದ ರಾತ್ರಿ.

ಅವಳು ಬದುಕಿದಳು. ನೀಲಿ ಬಟ್ಟೆಯ ಒಬ್ಬ ಸ್ತ್ರೀ ತನ್ನನ್ನು ಒಂದು ಗುಹೆಗೆ ಕೊಂಡೊಯ್ದು, ಗಾಯವನ್ನು ಹೊಲಿದು, ಗಂಜಿ ಕುಡಿಸಿ ವಾರಗಟ್ಟಲೆ ಆರೈಕೆ ಮಾಡಿದಳೆಂದು ಮರಿಯಂ ಮುಂದೆ ಹೇಳುತ್ತಿದ್ದರು, ಆ ದಾದಿ ದೇವಮಾತೆಯೇ ಎಂದು ನಂಬಿದ್ದರು. ನೀವು ಇದನ್ನು ಹೇಗೆ ತೆಗೆದುಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು. ಗಾಯ ಮಾತ್ರ ಕಣ್ಣಿಗೆ ಕಾಣುವಂತಿತ್ತು. ಕುತ್ತಿಗೆಯ ಮುಂಭಾಗದಲ್ಲಿ ಸುಮಾರು 10 ಸೆಂಟಿಮೀಟರ್ ಉದ್ದದ ಕಲೆಯನ್ನು ನಂತರ ಫ್ರಾನ್ಸಿನಲ್ಲಿ ವೈದ್ಯರು ಪರೀಕ್ಷಿಸಿದರು. ಸ್ವರ ಜೀವನಪೂರ್ತಿ ಒಡಕಾಗಿಯೇ ಉಳಿಯಿತು.

ಚಿಕ್ಕಪ್ಪನ ಮನೆಗೆ ಅವಳು ಹಿಂದಿರುಗಲಿಲ್ಲ. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಕೊನೆಗೆ ಸಮುದ್ರದಾಚೆಯ ಮಾರ್ಸೇಯ್ ಪಟ್ಟಣ, ಹೀಗೆ ಊರಿಂದೂರಿಗೆ ಮನೆಗೆಲಸ ಮಾಡುತ್ತಾ ಬೆಳೆದಳು. ಜೆರುಸಲೇಮಿನಲ್ಲಿ ಯೇಸುಸ್ವಾಮಿಯ ಸಮಾಧಿಯ ದೇವಾಲಯದಲ್ಲಿ ಕನ್ಯಾವ್ರತದ ಮಾತು ಕೊಟ್ಟಳು. ನಮ್ಮ ಹುಡುಗಿಯರು ಇಂದಿಗೂ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ, ಬಯಲುಸೀಮೆಯಿಂದ ಬೆಂಗಳೂರು ಮುಂಬಯಿಗಳಿಗೆ ಮನೆಗೆಲಸಕ್ಕೆ ಹೋಗುತ್ತಾರಲ್ಲ, ಅವರ ಪಾಲಿನ ಸಂತೆ ಯಾರೆಂದು ಯಾರಾದರೂ ಕೇಳಿದರೆ ಈ ಹೆಸರನ್ನು ಧೈರ್ಯವಾಗಿ ಹೇಳಬಹುದು.

1865ರಲ್ಲಿ ಮಾರ್ಸೇಯ್‌ನಲ್ಲಿ ಸಂತ ಜೋಸೆಫರ ಹೆಸರಿನ ಸಭೆಯೊಂದರ ಸಿಸ್ಟರುಗಳ ಮಠಕ್ಕೆ ಸೇರಿದಳು. ಅಲ್ಲಿದ್ದಾಗ ಆಕೆಯ ಕೈಕಾಲು, ಪಕ್ಕೆಗಳಲ್ಲಿ ಯೇಸುವಿನ ಪಂಚಗಾಯಗಳ ಗುರುತುಗಳು ಕಾಣಿಸಿಕೊಂಡವು. ಅದನ್ನು ಆಕೆ ಯಾವುದೋ ರೋಗವೆಂದೇ ತಿಳಿದಿದ್ದಳು. ಪ್ರಾರ್ಥನೆಯಲ್ಲಿ ಮೈಮರೆಯುತ್ತಿದ್ದಳು. ಎರಡು ವರ್ಷದ ನಂತರ ಆಕೆಯನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ ಬೇಡವೆಂದೇ ತೀರ್ಮಾನವಾಯಿತು. ಕೆಲಸದ ಮನೆಗಳಿಗೆ ಇಂಥ ಹುಡುಗಿ ಹೊಂದುವುದಿಲ್ಲ ಎಂಬ ಎಣಿಕೆ. ಇದು ಮೊದಲನೇ ಬಾಗಿಲು.

ಇಲ್ಲಿ ನಮಗೆ ಬೇಕಾದ ಇನ್ನೊಬ್ಬರು ಕಥೆಯೊಳಗೆ ಬರುತ್ತಾರೆ, ಮದರ್ ವೆರೋನಿಕಾ. ಇವರ ಮೊದಲಿನ ಹೆಸರು ಸೋಫಿ ಲೀವ್ಸ್. ಆಂಗ್ಲಿಕನ್ ಪಾದ್ರಿಯ ಮಗಳು, ಇಂಗ್ಲಿಷ್ ಮನೆತನ, 1823ರಲ್ಲಿ ಹುಟ್ಟಿದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ. 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿ, ಮುಂದೆ ಸಿಸ್ಟರಾಗಿ ಕಲ್ಲಿಕೋಟೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ್ದರು. ಪಶ್ಚಿಮ ಕರಾವಳಿಯ ಹೆಣ್ಣುಮಕ್ಕಳಿಗೆ ಕಲಿಸುವುದಕ್ಕಾಗಿಯೇ ಕಾರ್ಮೆಲಿನ ಒಂದು ಸಭೆಯನ್ನು ಕಟ್ಟಬೇಕೆಂಬ ಕರೆ ಅವರ ಮನಸ್ಸಿನಲ್ಲಿತ್ತು. ಅದಕ್ಕಾಗಿ ಫ್ರಾನ್ಸಿನ ಪೋ ಎಂಬ ಊರಿನ ಕಾರ್ಮೆಲ್ ಮಠಕ್ಕೆ ಹೊರಟಿದ್ದ ಅವರು, ಬಾಗಿಲು ಮುಚ್ಚಿಸಿಕೊಂಡ ಮರಿಯಂಳನ್ನೂ 1867ರ ಜೂನ್‌ನಲ್ಲಿ ಜೊತೆಗೆ ಕರೆದುಕೊಂಡು ಹೋದರು.

ಏಕಾಂತ ಕಾರ್ಮೆಲ್ ಎಂದರೇನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಆಳಂದ, ಮಾದನಹಿಪ್ಪರಗಾ ಕಡೆಯ ನಮ್ಮ ಓದುಗರಿಗೆ ಮಠ ಎಂದರೆ ಬಾಗಿಲು ತೆರೆದಿರುವ ಜಾಗ, ದಾಸೋಹದ ಒಲೆ ಆರದ ಜಾಗ, ಜಾತ್ರೆಗೆ ಸೀಮೆಯೆಲ್ಲ ಸೇರುವ ಜಾಗ. ಕಾರ್ಮೆಲ್ ಮಠ ಇದಕ್ಕೆ ತೀರಾ ಬೇರೆ. ಒಳಗೆ ಹೋದವರು ಹೊರಗೆ ಬರುವುದಿಲ್ಲ. ಮಾತನಾಡಿಸಲು ಬಂದ ಹೆತ್ತವರೂ ಸರಳುಗಳ ಈಚೆ ಕೂತು ಮಾತನಾಡಬೇಕು. ಹಾಲು, ತರಕಾರಿ, ಕಾಗದ ಎಲ್ಲವೂ ಗೋಡೆಯಲ್ಲಿ ಕೂರಿಸಿದ ಮರದ ತಿರುಗುಪೆಟ್ಟಿಗೆಯ ಮೂಲಕ ಒಳಹೋಗುತ್ತವೆ, ಕೊಟ್ಟವರ ಮುಖ ಪಡೆದವರಿಗೆ ಕಾಣದು. ಒಳಗೆ ಇಪ್ಪತ್ತು ಮಂದಿಯಷ್ಟೇ, ಮೌನ, ಪ್ರಾರ್ಥನೆ, ಕೈಕೆಲಸ. ಲತೀನಿನಲ್ಲಿ ದಿನದ ಪ್ರಾರ್ಥನೆಗಳನ್ನು ಹಾಡುವವರು ಒಂದು ವರ್ಗ, ಅಡುಗೆ, ಒಗೆತ, ತೋಟ ನೋಡಿಕೊಳ್ಳುವವರು ಇನ್ನೊಂದು ವರ್ಗ ಎಂಬ ಭೇದ ಆಗ ಇತ್ತು. ಓದು ಬಾರದ ಮರಿಯಂ ಎರಡನೆಯ ವರ್ಗಕ್ಕೆ ಸೇರಿದರು. ಅವರನ್ನು ಮೇಲಿನ ವರ್ಗಕ್ಕೆ ಏರಿಸಲು ಮಠದವರು ಒಮ್ಮೆ ಯತ್ನಿಸಿದರು. ಅಕ್ಷರ ತಲೆಗೆ ಹತ್ತಲಿಲ್ಲ. ಅಡುಗೆಮನೆಗೇ ಮರಳಿ ಕಳುಹಿಸಿರೆಂದು ಅವರೇ ಬೇಡಿಕೊಂಡರು. ಶಿಲುಬೆಗೇರಿದ ಯೇಸುವಿನ ಮರಿಯಾ ಎಂಬುದು ಅವರಿಗೆ ಸಿಕ್ಕ ಹೊಸ ಹೆಸರು. ತಮ್ಮನ್ನು ತಾವು ಮಾತ್ರ ಏನೂ ಅಲ್ಲದವಳು ಎಂದೇ ಕರೆದುಕೊಳ್ಳುತ್ತಿದ್ದರು.

ಈಗ ಮಂಗಳೂರಿಗೆ ಬರೋಣ. ಟಿಪ್ಪುವಿನ ಕಾಲದ ಸೆರೆಯಿಂದ ಹಿಂದಿರುಗಿ, ಸುಟ್ಟುಹೋದ ಬದುಕನ್ನು ಮತ್ತೆ ಕಟ್ಟಿಕೊಂಡಿದ್ದ ಕ್ರೈಸ್ತ ಜನ ಅಲ್ಲಿದ್ದರು. ಕಾರ್ಮೆಲ್ ಸಭೆಯ ಧರ್ಮಾಧ್ಯಕ್ಷ ಮರೀ ಎಫ್ರೇಮ್ ಗಾರೆಲೋನ್ ಅಲ್ಲಿನ ಹೊಣೆ ಹೊತ್ತಿದ್ದರು. ಅವರಿಗೆ ಎರಡು ಮನೆಗಳು ಬೇಕಾಗಿದ್ದವು, ಶಾಲೆ ನಡೆಸುವವರದು ಒಂದು, ಆ ಕೆಲಸಕ್ಕೆಲ್ಲ ಬೆನ್ನೆಲುಬಾಗಿ ಸದಾ ಪ್ರಾರ್ಥಿಸುವವರದು ಇನ್ನೊಂದು. ಮೊದಲನೆಯದಕ್ಕಾಗಿ ಮದರ್ ವೆರೋನಿಕಾ 1868ರಲ್ಲಿ ಬಯೋನ್ ಪಟ್ಟಣದಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಅದರ ಮೊದಲ ಮೂವರು ಸಿಸ್ಟರುಗಳು 1870ರ ನವೆಂಬರ್ 19ರಂದು ಮಂಗಳೂರು ತಲುಪಿದರು. ಸಂತ ಆನ್ನ ಕಾನ್ವೆಂಟಿನಲ್ಲಿ, ಮುಂದೆ 1921ರಿಂದ ಸಂತ ಆಗ್ನೆಸ್ ಕಾಲೇಜಿನಲ್ಲಿ ಓದಿದ ಅಮ್ಮಂದಿರು, ಅಜ್ಜಿಯಂದಿರು ನಿಮ್ಮ ಮನೆಯಲ್ಲೂ ಇದ್ದಾರು. ಅವರ ಓದಿನ ಬೇರು ಇಲ್ಲಿದೆ. ಅಷ್ಟೆಲ್ಲ ಮಾಡಿದ ಮದರ್ ವೆರೋನಿಕಾ ತಾವು ಮಾತ್ರ ಮಂಗಳೂರಿಗೆ ಬರಲಾಗದೆ 1906ರಲ್ಲಿ ಪೋ ಮಠದಲ್ಲೇ ತೀರಿಕೊಂಡರು.

ಎರಡನೆಯ ಮನೆಗಾಗಿ ಪೋ ಮಠದ ಸಿಸ್ಟರುಗಳು 1870ರ ಆಗಸ್ಟ್ 21ರಂದು ಹೊರಟರು. ತಂಡದಲ್ಲಿ ಮರಿಯಂ ಇದ್ದರು, ಇನ್ನೂ ವ್ರತವಾಗಿರಲಿಲ್ಲ, ವಯಸ್ಸು ಇಪ್ಪತ್ತನಾಲ್ಕು. ಫ್ರಾನ್ಸಿನಲ್ಲಿ ಆಗ ಯುದ್ಧ. ಕೆಂಪು ಸಮುದ್ರದ ಧಗೆ ಆ ಪುಟ್ಟ ತಂಡವನ್ನು ಹಿಂಡಿಹಾಕಿತು. ಮಂಗಳೂರು ಮುಟ್ಟುವ ಮೊದಲೇ ಮೂವರು ಸಿಸ್ಟರುಗಳು ದಾರಿಯಲ್ಲಿ ಪ್ರಾಣಬಿಟ್ಟರು. ಹೊಸ ಮಠ ಕಟ್ಟಲು ಹೊರಟವರು ಮೊದಲು ಮಾಡಿದ ಕೆಲಸ ಗೋರಿ ತೋಡಿಸಿದ್ದು. ಉಳಿದವರಿಗೆ ಬಲವಾಗಿ ಫ್ರಾನ್ಸಿನಿಂದ ಮತ್ತೆ ಕೆಲವರು ಬಂದು ಸೇರಿದ ಮೇಲೆ, ಆ ವರ್ಷ ಮುಗಿಯುವುದರೊಳಗೆ, ಮಠದ ನಿಯಮಬದ್ಧ ಜೀವನ ಆರಂಭವಾಯಿತು.

ಚಳಿ ದೇಶದಲ್ಲಿ ರೂಪುಗೊಂಡ ದಿನಚರಿ, ಕರಾವಳಿಯ ಬೆವರು, ಜೂನ್ ಬಂದರೆ ನಿಲ್ಲದ ಮಳೆ. ಮರಿಯಂ ಅಡುಗೆ ಮಾಡಿದರು, ಬಟ್ಟೆ ಒಗೆದರು. ಒಲೆಯ ಮುಂದೆ ನಿಂತಲ್ಲೇ ಪ್ರಾರ್ಥನೆಯಲ್ಲಿ ಮೈಮರೆಯುತ್ತಿದ್ದ ಅವರ ಮುಖದ ಕಳೆಯನ್ನು ಸಿಸ್ಟರುಗಳು ಕಂಡರು. 1871ರ ನವೆಂಬರ್ 21ರಂದು, ಮಾತೆ ಮರಿಯಮ್ಮನವರನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬದ ದಿನ, ಅವರು ವ್ರತಗಳನ್ನು ಸ್ವೀಕರಿಸಿದರು. ಆ ಮನೆಯಲ್ಲಿ ಹಾಗೆ ವ್ರತ ತೊಟ್ಟವರಲ್ಲಿ ಅವರೇ ಮೊದಲಿಗರು. ಇಷ್ಟು ವರ್ಷ ಮನೆಯಿಂದ ಮನೆಗೆ ದೂಡಿಸಿಕೊಂಡ ಅನಾಥೆಗೆ ಕೊನೆಗೂ ತನ್ನದೆಂಬ ಮನೆ ಸಿಕ್ಕಿತೆಂದು ನೀವು ನಿಟ್ಟುಸಿರು ಬಿಡುವ ಹೊತ್ತು.

ಒಂದು ವರ್ಷ ತುಂಬುವ ಮೊದಲೇ ಎಲ್ಲ ಕೆಟ್ಟಿತು. ಅವರಲ್ಲಿ ಕಾಣುತ್ತಿದ್ದ ಅಸಾಮಾನ್ಯ ಸಂಗತಿಗಳು ದೇವರಿಂದಲ್ಲ, ಬರೀ ಭ್ರಮೆ, ಅಥವಾ ಅದಕ್ಕಿಂತ ಕೆಟ್ಟದ್ದು, ದುಷ್ಟಶಕ್ತಿಯ ಆಟ ಎಂಬ ಸಂಶಯ ಹಬ್ಬಿತು. ಹಾಗೆ ಸಂಶಯಪಟ್ಟವರು ಬೀದಿಯ ಜನರಲ್ಲ. ಮಠದ ಹಿರಿಯರು, ಮೊದಲು ಆಕೆಯನ್ನು ಮೆಚ್ಚಿದ್ದ ಧರ್ಮಾಧ್ಯಕ್ಷರು. ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಪಂಚಗಾಯ, ದರ್ಶನ ಎಂದೊಡನೆ ನಂಬುವುದು ಹಿರಿಯರ ಕರ್ತವ್ಯವಲ್ಲ, ಪರೀಕ್ಷಿಸುವುದು ಕರ್ತವ್ಯ. ಸಂತ ತೆರೇಸಾ ಅವರನ್ನೂ ಅವರ ಕಾಲದ ಗುರುಗಳು ಸಂಶಯದಿಂದ ನೋಡಿದ್ದರು. ಆದರೆ ಪರೀಕ್ಷಿಸುವುದಕ್ಕೂ ದೂರ ತಳ್ಳುವುದಕ್ಕೂ ನಡುವೆ ಒಂದು ಗೆರೆ ಇದೆ. ಮಂಗಳೂರಿನಲ್ಲಿ ಆ ಗೆರೆ ದಾಟಿತೆಂದೇ ನನ್ನ ಎಣಿಕೆ. ಒಳ್ಳೆಯವರೇ ತುಂಬಿರುವ, ದಿನವೂ ಬಲಿಪೂಜೆ ನಡೆಯುವ ಮನೆಯಲ್ಲಿ, ಯಾರೂ ನಂಬದ ಒಬ್ಬಳಾಗಿ ಬದುಕುವುದು ಎಂಥದೆಂದು ಯೋಚಿಸಿ ನೋಡಿ. ಅಲೆಕ್ಸಾಂಡ್ರಿಯಾದ ಕತ್ತಿ ಹಗೆಯ ಕೈಯಲ್ಲಿತ್ತು. ಇಲ್ಲಿ ಇರಿದವರು ಅಕ್ಕತಂಗಿಯರು. ನಿಮ್ಮ ಮನೆಯಲ್ಲಿ, ನಿಮ್ಮ ಧರ್ಮಕೇಂದ್ರದಲ್ಲಿ ಇಂಥದನ್ನು ನೀವು ಅನುಭವಿಸಿದ್ದರೆ ಬೇರೆ ವಿವರಣೆ ಬೇಕಿಲ್ಲ.

1872ರಲ್ಲಿ ಅವರನ್ನು ಪೋ ಮಠಕ್ಕೆ ವಾಪಸು ಕಳುಹಿಸಿದರು. ಮೂವರನ್ನು ಕಳೆದುಕೊಂಡು ಬಂದ ಕಡಲ ದಾರಿಯಲ್ಲೇ ಮರುಪ್ರಯಾಣ. ನವೆಂಬರ್‌ನಲ್ಲಿ ಫ್ರಾನ್ಸ್ ತಲುಪಿದ ಅವರು ಮತ್ತೆ ಅಡುಗೆಮನೆಗೆ, ಒಗೆಯುವ ಕಲ್ಲಿಗೆ ಹೋದರು. ಮರುವರ್ಷ, 1873ರಲ್ಲಿ, ಧರ್ಮಾಧ್ಯಕ್ಷ ಮರೀ ಎಫ್ರೇಮ್ ತೀರಿಕೊಂಡರು.

ಪೋ ಮಠದಲ್ಲಿ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡರು. ಒಡಕು ಸ್ವರದಲ್ಲಿ, ಅರೆಬರೆ ಫ್ರೆಂಚಿನಲ್ಲಿ, ಹೂವು, ಹಕ್ಕಿ, ಇಬ್ಬನಿಗಳ ಮಾತು ತಂದು ಅವರು ದೇವರನ್ನು ಹೊಗಳುತ್ತಿದ್ದುದನ್ನು ಸಿಸ್ಟರುಗಳು ಬರೆದಿಟ್ಟುಕೊಂಡರು. ಅಕ್ಷರ ಬಾರದವರ ಬಾಯಿಂದ ಬಂದ ಕಾವ್ಯ ಎಂದರೆ ವಚನ, ತತ್ವಪದಗಳ ನಾಡಿನವರಾದ ನಮಗೆ ಅಚ್ಚರಿಯಾಗದು. ಪವಿತ್ರಾತ್ಮರ ಮೇಲಿನ ಅವರ ಭಕ್ತಿ ವಿಶೇಷವಾದದ್ದು. ಧರ್ಮಸಭೆ ಪವಿತ್ರಾತ್ಮರನ್ನು ಮರೆಯುತ್ತಿದೆ ಎಂಬ ಅಳಲನ್ನು ಆ ಕಾಲದಲ್ಲೇ ತೋಡಿಕೊಂಡಿದ್ದರು.

ಅಷ್ಟರಲ್ಲಿ ಇನ್ನೊಂದು ಕರೆ. ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠವಾಗಬೇಕೆಂದು ಅವರು ಹಟ ಹಿಡಿದರು. ಪೋ ಊರಿನ ಬೆರ್ತ್ ದಾರ್ತಿಗೋ ಎಂಬ ಶ್ರೀಮಂತ ಮಹಿಳೆ ಹಣ ಕೊಟ್ಟರು, ಜಗದ್ಗುರು ಒಂಬತ್ತನೇ ಪಿಯುಸ್ ಅವರಿಂದ ಅನುಮತಿ ಸಿಕ್ಕಿತು. 1875ರ ಸೆಪ್ಟೆಂಬರ್‌ನಲ್ಲಿ ಸಿಸ್ಟರುಗಳ ತಂಡ ಬೆತ್ಲೆಹೇಮ್ ಸೇರಿತು. ಕ್ರಿಸ್ತಜನನದ ದೇವಾಲಯಕ್ಕೆ ಎದುರಾದ ಗುಡ್ಡದ ಮೇಲೆ, ಗೋಪುರದಂತೆ ದುಂಡಗಿನ ಕಟ್ಟಡದ ಯೋಜನೆ. ತಂಡದಲ್ಲಿ ಅರಬ್ಬಿ ಬಲ್ಲವರು ಮರಿಯಂ ಒಬ್ಬರೇ. ಹಾಗಾಗಿ ಕಲ್ಲುಕುಟಿಗರ, ಗಾರೆಯವರ ಮೇಸ್ತ್ರಿಯಂತೆ ಓಡಾಡುವ ಕೆಲಸ ಅವರದಾಯಿತು. ಓದು ಬಾರದ ಅಡುಗೆಯಾಕೆ ಮಠ ಕಟ್ಟಿಸಿದಳು! ನಜರೇತಿನಲ್ಲೂ ಒಂದು ಮಠಕ್ಕಾಗಿ ಜಾಗ ನೋಡಿಬಂದರು.

1878ರ ಆಗಸ್ಟ್ ತಿಂಗಳ ಸುಡುಬಿಸಿಲು. ಕೆಲಸದವರಿಗೆ ಕುಡಿಯುವ ನೀರು ಹೊತ್ತೊಯ್ಯುತ್ತಿದ್ದಾಗ ಕಾಲು ಜಾರಿ ಬಿದ್ದರು. ಕೈ ಮುರಿಯಿತು, ಗಾಯ ಕೊಳೆತು ನಂಜೇರಿತು. ನಾಲ್ಕೇ ದಿನ. ಆಗಸ್ಟ್ 26ರ ಬೆಳಗಿನ ಜಾವ ಪ್ರಾಣ ಹೋಯಿತು. ವಯಸ್ಸು ಮೂವತ್ತೆರಡು. ತಾಯಿ ತನಗಾಗಿ ಬೇಡಿಕೊಂಡಿದ್ದ ಗುಹೆಗೆ ಎದುರಿನ ಗುಡ್ಡದಲ್ಲೇ ಅವರ ಸಮಾಧಿಯಾಯಿತು. ಅದೇ ವರ್ಷದ ಕೊನೆಯ ದಿನ ಯೇಸುಸಭೆಯವರು ಮಂಗಳೂರಿಗೆ ಬಂದಿಳಿದು, ಕಾರ್ಮೆಲ್ ಗುರುಗಳಿಂದ ಅಲ್ಲಿನ ಪ್ರೇಷಿತಕಾರ್ಯವನ್ನು ವಹಿಸಿಕೊಂಡರು. ಏಕಾಂತ ಮಠ ಮಾತ್ರ ತನ್ನ ಪ್ರಾರ್ಥನೆಯನ್ನು ಬಿಡಲಿಲ್ಲ.

ಜಗದ್ಗುರು ಎರಡನೇ ಜಾನ್ ಪಾಲ್ 1983ರ ನವೆಂಬರ್ 13ರಂದು ಅವರನ್ನು ಧನ್ಯರ ಸಾಲಿಗೆ ಸೇರಿಸಿದರು. 2015ರ ಮೇ 17ರಂದು ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರನ್ನು ಸಂತೆಯೆಂದು ಸಾರಿದರು. ಪ್ಯಾಲೆಸ್ತೀನಿನ ಇನ್ನೊಬ್ಬ ಸಿಸ್ಟರ್ ಮರೀ ಅಲ್ಫೋನ್ಸೀನ್ ಅವರೂ ಅದೇ ದಿನ ಸಂತರಾದರು. ಬೆತ್ಲೆಹೇಮಿನವರು ಮರಿಯಂ ನಮ್ಮವಳೆಂದು ಹೇಳುತ್ತಾರೆ, ಪೋ ಊರಿನವರೂ ಹೇಳುತ್ತಾರೆ, ಇಬಿಲ್ಲೀನಿನವರಂತೂ ಹೇಳಲೇಬೇಕು. ಮಂಗಳೂರು ಹೇಳಬಹುದೇ ಎಂದು ನೀವು ಕೇಳಬಹುದು. ಅಲ್ಲಿಂದ ಹೊರಟ ಮೇಲೆ ಮರಿಯಂ ಮತ್ತೊಮ್ಮೆ ಬೇರೆ ವ್ರತ ತೊಡಲಿಲ್ಲ. ಬೆತ್ಲೆಹೇಮಿನಲ್ಲಿ ನೀರಿನ ಭಾರ ಹೊತ್ತು ಬಿದ್ದ ದಿನವೂ ಅವರನ್ನು ಕಾರ್ಮೆಲಿಗೆ ಕಟ್ಟಿದ್ದದ್ದು ಮಂಗಳೂರಿನ ಮಠದಲ್ಲಿ, 1871ರ ಆ ನವೆಂಬರ್ ದಿನ, ಅವರು ಕೊಟ್ಟ ಮಾತೇ.